ಮೂವತ್ತಾರರ ಮಿತಿ

2012ರ ಜನವರಿಯಲ್ಲಿ ಕೊಡಾಕ್ ಕಂಪನಿ ದಿವಾಳಿ ಕಾನೂನಿನ ಆಶ್ರಯ ಕೋರಿದಾಗ, ಫಿಲ್ಮ್ ಕ್ಯಾಮೆರಾದ ಕಾಲ ಮುಗಿಯಿತೆಂದು ಹಲವರಿಗೆ ಅನ್ನಿಸಿತು. ಅದೇ ಕಂಪನಿ ತಾನು ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮತ್ತೆ ತಂದಿತು. ವರ್ಷಗಟ್ಟಲೆ ಡಿಜಿಟಲ್‌ನಲ್ಲಿ ಚಿತ್ರ ತೆಗೆದವರು ಈಗ ರೀಲಿಗೆ ಮರಳುತ್ತಿದ್ದಾರೆ. ಇದು ಬರೀ ಹಳೆಯದರ ಮೋಹವೇ?

ಒಂದು ರೀಲಿಗೆ 36 ಚಿತ್ರ. ಹೇಗೆ ಬಂದಿದೆಯೆಂದು ತೊಳೆಸುವವರೆಗೆ ಗೊತ್ತಾಗದು. ಆದ್ದರಿಂದ ಒತ್ತುವ ಮೊದಲು ಬೆಳಕು ನೋಡುತ್ತೇವೆ, ಮುಖ ನೋಡುತ್ತೇವೆ, ಇದು ಬೇಕೇ ಎಂದು ಕೇಳಿಕೊಳ್ಳುತ್ತೇವೆ. ನಾಮಕರಣದಲ್ಲಿ ನೂರಾರು ಚಿತ್ರ ತೆಗೆದರೂ, ಮಗು ಕಣ್ಣರಳಿಸಿದ್ದನ್ನು ಕಣ್ಣಾರೆ ಕಂಡವರೆಷ್ಟು ಮಂದಿ?

ಹಾಗೆಂದು ಡಿಜಿಟಲನ್ನು ಹಳಿಯುವುದು ನ್ಯಾಯವಲ್ಲ. ಇಲ್ಲಿಯ ನಾಮಕರಣವನ್ನು ಊರಿನ ಅಜ್ಜಿ ಅಂದೇ ನೋಡುವುದು ಅದರಿಂದಲೇ. ಹಿಂದೆ ನಾವು 36ಕ್ಕೆ ನಿಲ್ಲುತ್ತಿದ್ದುದೂ ಸಂಯಮದಿಂದಲ್ಲ, ರೀಲಿನ ಖರ್ಚು ನೆನೆದು. ಮನೆಯಲ್ಲಿ ಅಕ್ಕಿಯಿಲ್ಲದೆ ಉಪವಾಸವಿದ್ದರೆ ಅದು ಏಕಾದಶಿಯಾಗದು. ಅಕ್ಕಿ ಇದ್ದೂ ಉಣ್ಣದಿರುವುದು ವ್ರತ. ಇಂದು ರೀಲು ಹಿಡಿಯುವವರು ಲೆಕ್ಕವಿಲ್ಲದಷ್ಟು ಕೈಯಲ್ಲಿದ್ದೂ ತಾವಾಗಿ ಲೆಕ್ಕ ಹಾಕಿಕೊಂಡವರು.

ಆದರೆ ವ್ರತದ ಫಲ ರೀಲಿನಲ್ಲಿಲ್ಲ. 36 ಚಿತ್ರಗಳನ್ನೂ ಗಮನವಿಲ್ಲದೆ ಒತ್ತಿಬಿಡಬಹುದು. ಫೋನಿನಲ್ಲೂ ಒಂದೇ ಚಿತ್ರ ತೆಗೆದು ಜೇಬಿಗಿಡಬಹುದು. ಮಿತಿಯನ್ನು ಯಂತ್ರ ಹಾಕಿದರೆ ಅದು ಅಡ್ಡಿ, ನಾವೇ ಹಾಕಿಕೊಂಡರೆ ಶಿಸ್ತು.

ಮಂಗಳಾರತಿಗೆ ಎರಡೂ ಕೈ ಮುಗಿಯಬೇಕು. ಒಂದರಲ್ಲಿ ಕ್ಯಾಮೆರಾ ಇದ್ದರೆ ಹೇಗೆ? ಬರುವ ಹಬ್ಬಕ್ಕೆ ಎಷ್ಟು ಚಿತ್ರ ಸಾಕೆಂದು ಮನೆಯಲ್ಲೇ ನಿಶ್ಚಯಿಸಿ ಹೊರಡೋಣ. ಉಳಿದದ್ದನ್ನು ಕಣ್ತುಂಬ ನೋಡೋಣ.