ಮಾಂಸ ಬಿಟ್ಟರೆ ಸಾಕೇ?

ಪೈಥಾಗೊರಸ್ ಕ್ರಿ.ಪೂ. 6ನೇ ಶತಮಾನದಲ್ಲಿ ದಕ್ಷಿಣ ಇಟಲಿಯ ಕ್ರೊಟೋನೆಯಲ್ಲಿ ಪಂಥ ಕಟ್ಟಿದ. ಶಿಷ್ಯರಿಗೆ ಕಾಳು ನಿಷಿದ್ಧವಾಗಿತ್ತು ಎನ್ನುತ್ತದೆ ಪರಂಪರೆ. ಕಾರಣ ಕೇಳಿದರೆ ಪ್ರಾಚೀನರಲ್ಲೇ ಜಗಳ: ಸತ್ತವರ ಆತ್ಮಕ್ಕೂ ಕಾಳಿಗೂ ನಂಟಿದೆ ಎಂದರು ಕೆಲವರು, ಆತ ಕಾಳುಪ್ರಿಯನಾಗಿದ್ದ ಎಂದು ಗ್ರೀಕ್ ಲೇಖಕ ಅರಿಸ್ಟಾಕ್ಸೆನಸ್ ಉಲ್ಟಾ ಹೊಡೆದ.

ಅದೇ ನಾಡಿನಲ್ಲಿ ಇಂದು ಮನೆಮನೆಯಲ್ಲೂ ‘ಪಾಸ್ತಾ ಎ ಫಜೋಲಿ’ ಎಂಬ ಸೂಪು ಕುದಿಯುತ್ತದೆ. ರಾತ್ರಿ ನೆನೆಸಿದ ಬೊರ್ಲೊಟ್ಟಿ ಕಾಳನ್ನು ಬೇಯಿಸಿ, ಆಲಿವ್ ಎಣ್ಣೆಯಲ್ಲಿ ಈರುಳ್ಳಿ, ಕ್ಯಾರೆಟ್, ಸೆಲೆರಿ ಬಾಡಿಸಿ, ಟೊಮೆಟೊ ಸೇರಿಸುತ್ತಾರೆ. ಒಂದಿಷ್ಟು ಕಾಳನ್ನು ಹಿಸುಕಿದರೆ ಸಾರು ಗಟ್ಟಿಯಾಗುತ್ತದೆ. ಸಣ್ಣ ಪಾಸ್ತಾ ಬೀಳುವುದು ಕೊನೆಗೆ. ಈ ಕಾಳು 1492ರ ನಂತರ ಅಮೆರಿಕದಿಂದ ಬಂದದ್ದು, ಪೈಥಾಗೊರಸ್‌ ಕಂಡದ್ದು ಫಾವಾ ಕಾಳು. ಜಾಣ ಶಿಷ್ಯನಿಗೆ ಇಷ್ಟು ಸಂದು ಸಾಕು!

ಸಂದು ಹುಡುಕುವ ಆಟ ಅಲ್ಲಿಗೇ ನಿಲ್ಲಲಿಲ್ಲ.

ಈಸ್ಟರ್‌ಗೆ ಮುನ್ನ ಬರುವ ಕ್ಯಾಥೊಲಿಕರ ತಪಸ್ಸುಕಾಲದ (ಲೆಂಟ್) ಶುಕ್ರವಾರಗಳಂದು ಮಾಂಸ ವರ್ಜ್ಯ. ಮಧ್ಯಯುಗದಲ್ಲಿ ಮೊಟ್ಟೆ, ಹಾಲಿಗೂ ತಡೆಯಿತ್ತು. ಪೋಪ್ ಆರನೇ ಪೌಲ್ 1966ರಲ್ಲಿ ಹೊರಡಿಸಿದ ನಿಯಮದಲ್ಲಿ ಮೊಟ್ಟೆ, ಹಾಲಿನ ಪದಾರ್ಥ, ಪ್ರಾಣಿಕೊಬ್ಬಿನ ಒಗ್ಗರಣೆಗೂ ಅಡ್ಡಿಯಿಲ್ಲ. ಎಂದರೆ ಈ ಸೂಪಿಗೆ ಹಂದಿಯ ಮಾಂಸದ ತುಂಡು ಬೀಳುವಂತಿಲ್ಲ, ಅದೇ ಹಂದಿಯ ಕೊಬ್ಬು ಬೀಳಬಹುದು. ಬಾಯಿಯ ಆಸೆಯನ್ನು ಬಿಡುವುದೇ ತ್ಯಾಗವಾದರೆ ಈ ಗೆರೆ ವಿಚಿತ್ರ. ಸಮುದಾಯವೆಲ್ಲ ಒಂದೇ ದಿನ ಒಂದನ್ನು ಬಿಡುವುದು ತ್ಯಾಗವಾದರೆ ಗೆರೆ ಎಲ್ಲಿದ್ದರೂ ನಡೆದೀತು. ಎರಡನೆಯದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಏಕೆಂದರೆ ಒಂದೇ ಪೂರ್ಣ ಊಟವೆಂಬ ಉಪವಾಸದ ಕಟ್ಟು ಇರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಕ್ಕೆ ಮಾತ್ರ. ಉಳಿದ ಶುಕ್ರವಾರಗಳಲ್ಲಿ ಮೂರನೇ ಬಟ್ಟಲು ಬಡಿಸಿಕೊಂಡರೂ ಈ ನಿಯಮ ಮುರಿಯುವುದಿಲ್ಲ.