ಕೊರಳಿನ ಕತ್ತಿ, ಹೇಳದ ಭಯ

ಮಲೆನಾಡಿನವರಾದ ನಮಗೆ ಕತ್ತಿ ಹೊಸದೇನಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ತೋಟದ ಕೆಲಸಕ್ಕೆ ಹೋಗುವವರು ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಮನೆ ಬಿಡುತ್ತಾರೆ. ಅಡಕೆ ಕೊಯ್ಲಿನ ದಿನಗಳಲ್ಲಿ ನಮ್ಮ ತಾಯಂದಿರು, ಅಕ್ಕತಂಗಿಯರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಅಡಕೆ ಸುಲಿಯುತ್ತಾರೆ. ಈ ಕತ್ತಿಗಳನ್ನು ಕಂಡು ಯಾರೂ ಹೆದರುವುದಿಲ್ಲ. ಅವು ಎಲ್ಲರ ಕಣ್ಣಿಗೂ ಬೀಳುತ್ತವೆ, ಅವುಗಳ ಕೆಲಸವೇನೆಂಬುದು ಎಲ್ಲರಿಗೂ ಗೊತ್ತಿದೆ.

ಇನ್ನೊಂದು ಬಗೆಯ ಕತ್ತಿಯಿದೆ. ‘ನೆಕ್ ನೈಫ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಅದಕ್ಕೆ ಎರಡು ಮೂರು ಅಂಗುಲದ ಅಲಗು, ಹಿಡಿ ಕೆಳಮುಖವಾಗಿ ತೂಗುವ ಪ್ಲಾಸ್ಟಿಕ್ ಒರೆ, ಕೊರಳಿಗೆ ಹಾಕಲು ದಾರ ಅಥವಾ ಸರಪಳಿ. ಅಂಗಿಯ ಒಳಗೆ, ದುಪ್ಪಟ್ಟಾದ ಕೆಳಗೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಸಂಜೆಯ ಬಸ್ಸಿಳಿದು, ಒಂದೆರಡು ಮೈಲಿ ತೋಟ ಕಾಡುಗಳ ನಡುವೆ ನಡೆದು ಒಂಟಿಮನೆ ಸೇರಬೇಕಾದ ಮಗಳಿಗೆ, ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ತಂಗಿಗೆ ಇಂಥದೊಂದು ಇರಲಿ ಎಂದು ಮನೆಯವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಪ್ರಿಯ ಓದುಗರೇ, ನೀವೂ ಹೀಗೆ ಯೋಚಿಸಿರಬಹುದು. ಶಿಲುಬೆಯ ಪದಕ ತೂಗುವ ಕೊರಳಿನಲ್ಲೇ ಕತ್ತಿಯನ್ನೂ ತೂಗುಹಾಕುವುದು ಸರಿಯೇ ಎಂಬ ಅಳುಕೂ ಜೊತೆಯಲ್ಲೇ ಬಂದಿರಬಹುದು.

ಮೊದಲು ಧರ್ಮಸಭೆಯ ಬೋಧನೆಯನ್ನು ತಿಳಿಯೋಣ. ಒಬ್ಬನು ತನ್ನ ಪ್ರಾಣವನ್ನು ಕಾಪಾಡಿಕೊಳ್ಳುವುದು ಪಾಪವಲ್ಲ. 13ನೇ ಶತಮಾನದಲ್ಲಿಯೇ ಸಂತ ತೋಮಸ್ ಅಕ್ವಿನಾಸರು ಇದನ್ನು ವಿವರಿಸಿದ್ದಾರೆ: ತನ್ನನ್ನು ರಕ್ಷಿಸಿಕೊಳ್ಳುವ ಕ್ರಿಯೆಯಿಂದ ಎರಡು ಪರಿಣಾಮಗಳು ಆಗಬಹುದು, ತನ್ನ ಜೀವ ಉಳಿಯಬಹುದು, ಎರಗಿದವನಿಗೆ ಕೇಡಾಗಬಹುದು, ಮನುಷ್ಯನ ಉದ್ದೇಶ ಮೊದಲನೆಯದಾಗಿರಬೇಕು, ಬಳಸುವ ಬಲ ಅಗತ್ಯವನ್ನು ಮೀರಬಾರದು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2263ರಿಂದ 2265ರವರೆಗಿನ ಪರಿಚ್ಛೇದಗಳಲ್ಲಿ ಇದನ್ನೇ ಬೋಧಿಸುತ್ತದೆ. ಇತರರ ಪ್ರಾಣಕ್ಕೆ ಹೊಣೆಯಾದವರಿಗೆ ರಕ್ಷಣೆ ಕೇವಲ ಹಕ್ಕಲ್ಲ, ಗಂಭೀರವಾದ ಕರ್ತವ್ಯವೂ ಹೌದು ಎನ್ನುತ್ತದೆ. ಆದ್ದರಿಂದ ‘ಕ್ರೈಸ್ತಳಾದವಳು ಸುಮ್ಮನೆ ಸಹಿಸಿಕೊಳ್ಳಬೇಕು’ ಎಂದು ಯಾವ ಹೆಣ್ಣುಮಗಳಿಗೂ ಹೇಳುವ ಅಧಿಕಾರ ನಮಗಿಲ್ಲ.

ದೇಶದ ಕಾನೂನಿನ ದಾರಿಯೂ ಹೆಚ್ಚು ಕಡಿಮೆ ಇದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಆ ಹಕ್ಕು ಬಹುದೂರ ಹೋಗುತ್ತದೆ. ಆದರೆ ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ. ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವಂತೆಯೂ ಇಲ್ಲ. ಓಡಿಹೋಗುತ್ತಿರುವವನನ್ನು ಬೆನ್ನಟ್ಟಿ ಇರಿದರೆ ಅದು ರಕ್ಷಣೆಯಲ್ಲ, ಸೇಡು. ಇನ್ನು ಆಯುಧ ನಿಯಮಗಳು ಕತ್ತಿ, ಬಾಕು ಮುಂತಾದ ಹರಿತವಾದ ಆಯುಧಗಳ ಜೊತೆಗೆ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿರುವ ಚಾಕುಗಳನ್ನೂ ಆಯುಧಗಳ ಪಟ್ಟಿಗೆ ಸೇರಿಸಿವೆ. ಮನೆಗೆಲಸದ, ಬೇಸಾಯದ ಉಪಕರಣಗಳನ್ನು ಬಿಟ್ಟಿವೆ.

ಹಾಗಾದರೆ ಕೊಳ್ಳುವವರು ಎಂಥದನ್ನು ಆರಿಸಬೇಕು? ಆಯ್ಕೆಯಲ್ಲೇ ನಮ್ಮ ಮನಸ್ಸು ಬಯಲಾಗುತ್ತದೆ. ಹಣ್ಣು ಹೆಚ್ಚಲು, ಹಗ್ಗ ಕೊಯ್ಯಲು ಬರುವ ಒಂದೇ ಬಾಯಿಯ ಸಾದಾ ಚಾಕು ಒಂದು ಉಪಕರಣ. ಎರಡು ಬಾಯಿಯ ಚೂಪಾದ ಬಾಕುವಿಗೆ ಇರಿಯುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಅದನ್ನು ನೋಡಿ ಆಸೆಯಾದರೆ ಒಂದು ದಿನ ತಡೆದು ಆತ್ಮಶೋಧನೆ ಮಾಡಿಕೊಳ್ಳಿ. ಒರೆ ಬಿಗಿಯಾಗಿರಬೇಕು, ಸ್ಕೂಟರಿನಿಂದ ಬಿದ್ದಾಗ ಜಾರಿ ಹೊರಬರುವ ಅಲಗು ಧರಿಸಿದವಳನ್ನೇ ಇರಿದೀತು. ಗಟ್ಟಿ ದಾರಕ್ಕಿಂತ, ಎಳೆದರೆ ಬಿಚ್ಚಿಕೊಳ್ಳುವ ಮಣಿಸರಪಳಿ ಮೇಲು. ಗಟ್ಟಿ ದಾರವನ್ನು ಹಿಡಿದೆಳೆದರೆ ಅದೇ ಉರುಳಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಗೂಟಕ್ಕೆ ನೇತುಹಾಕಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅಷ್ಟು ಚಿಕ್ಕ ಕತ್ತಿ ಕೆಲಸಕ್ಕೆ ಬರಬೇಕಾದರೆ ಎದುರಾಳಿ ತೋಳಳತೆಯಷ್ಟು ಹತ್ತಿರ ಬಂದಿರಬೇಕು. ಅಷ್ಟರಲ್ಲಿ ಬಟ್ಟೆಯ ಒಳಗಿಂದ ಅದನ್ನು ತೆಗೆಯಬೇಕು, ಕೈ ನಡುಗಬಾರದು, ಬಲಶಾಲಿಯಾದವನು ಅದನ್ನು ಕಸಿದುಕೊಳ್ಳಬಾರದು. ಕತ್ತಿ ಕೊಡಿಸುವ ತಂದೆತಾಯಿಯರು ಇದನ್ನು ಯೋಚಿಸಿದ್ದೀರಾ? ಓಡುವುದು, ಕೂಗುವುದು ಎಷ್ಟೋ ಸಲ ಕತ್ತಿಗಿಂತ ಬೇಗ ಒದಗುತ್ತವೆ.

ಧರ್ಮಕ್ಕಾಗಿ, ಸಂಪ್ರದಾಯಕ್ಕಾಗಿ ಕತ್ತಿ ಧರಿಸುವ ಜನರೂ ನಮ್ಮ ದೇಶದಲ್ಲಿದ್ದಾರೆ. ಸಿಖ್ಖರು ಕೃಪಾಣ್ ಧರಿಸುವುದನ್ನು ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಒಪ್ಪಲಾಗಿದೆ. ಕೊಡವರು ಹಬ್ಬ ಮದುವೆಗಳಲ್ಲಿ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಳ್ಳುತ್ತಾರೆ. ಅವುಗಳ ಹಿಂದೆ ಒಂದು ಸಮುದಾಯದ ಶಿಸ್ತು ಇದೆ, ಹಿರಿಯರ ಕಣ್ಣಿದೆ. ಅಂಗಿಯೊಳಗಿನ ಕತ್ತಿಯ ಮೇಲೆ ಯಾರ ಕಣ್ಣೂ ಇಲ್ಲ. ಅದನ್ನು ಕಾಯುವುದು ಧರಿಸಿದವರ ಮನಸ್ಸಾಕ್ಷಿಯೊಂದೇ. ಆದ್ದರಿಂದ ಧರಿಸಲೇಬೇಕಾದರೆ, ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ. ಲೋಕಕ್ಕೆ ಗುಟ್ಟಾಗಿದ್ದರೂ ಮನೆಗೆ ಗುಟ್ಟಾಗದಿರಲಿ.

ಸಂತ ಪೇತ್ರರನ್ನು ನೆನೆದುಕೊಳ್ಳಿ. ಗೆತ್ಸೆಮನಿ ತೋಟದಲ್ಲಿ ಅವರ ಬಳಿ ಕತ್ತಿಯಿತ್ತು. ಅದನ್ನು ಹಿರಿದು ಪ್ರಧಾನಯಾಜಕನ ಆಳಾದ ಮಾಲ್ಕನ ಕಿವಿ ಕತ್ತರಿಸಿದರು. ಪ್ರಭು ಯೇಸು ಕತ್ತಿಯನ್ನು ಒರೆಗೆ ಸೇರಿಸಲು ಹೇಳಿ, ಆ ಗಾಯವನ್ನು ತಾವೇ ಗುಣಪಡಿಸಿದರು. ಅದೇ ರಾತ್ರಿ ಬೆಂಕಿ ಕಾಯಿಸುತ್ತಿದ್ದಾಗ ಒಬ್ಬ ದಾಸಿ ಕೇಳಿದ ಒಂದೇ ಪ್ರಶ್ನೆಗೆ ಪೇತ್ರರು ನಡುಗಿಹೋದರು. ಜನರ ಗುಂಪಿನೆದುರು ಕತ್ತಿ ಬೀಸಿದ ಕೈಯೇ ಅದು! ಭಯ ಒಳಗೇ ಉಳಿದಿರುವಾಗ ಕತ್ತಿ ಧೈರ್ಯ ಕೊಡಲಾರದು.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ಕಾಡಿನ ದಾರಿಯಲ್ಲಿ ಬರುವ ಅಪರಿಚಿತನಿಗಾಗಿ ನಾವು ಕತ್ತಿ ಸಿದ್ಧಮಾಡುತ್ತೇವೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ವರ್ಷ ವರ್ಷವೂ ಹೇಳುವುದು ಬೇರೆ: ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆರೋಪಿಗಳು ಆಕೆಗೆ ಪರಿಚಿತರೇ. ಬಂಧು, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವ. ಇವರೆದುರು ಯಾವ ಮಗಳು ಕತ್ತಿ ಹಿರಿಯುತ್ತಾಳೆ? ಆಕೆಗೆ ಬೇಕಾಗಿರುವುದು ನಂಬಿ ಕೇಳುವ ಕಿವಿ. ‘ನನಗೊಂದು ಕತ್ತಿ ಬೇಕು’ ಎಂದು ಮಗಳು ಕೇಳಿದರೆ ಬೆಲೆ ವಿಚಾರಿಸುವ ಮೊದಲು ‘ಯಾರ ಭಯ ಮಗಳೇ?’ ಎಂದು ವಿಚಾರಿಸಿ. ಹೇಳಿದ ಮೇಲೆ ‘ಮನೆತನದ ಮರ್ಯಾದೆ’ ಎಂದು ಬಾಯಿ ಮುಚ್ಚಿಸಬೇಡಿ. ಹಾಗೆ ಮುಚ್ಚಿಸಿ ಕತ್ತಿ ಕೊಟ್ಟರೆ, ಹಿರಿಯರಾದ ನಮ್ಮ ಹೊಣೆಯನ್ನು ಆ ಎಳೆಯ ಕೊರಳಿಗೆ ಕಟ್ಟಿದಂತೆ.

1995ರ ಫೆಬ್ರವರಿ 25ರಂದು ಮಧ್ಯಪ್ರದೇಶದ ಉದಯನಗರದಿಂದ ಇಂದೋರಿಗೆ ಹೊರಟ ಬಸ್ಸಿನಲ್ಲಿ ಧರ್ಮಭಗಿನಿ ರಾಣಿ ಮರಿಯಾ ಅವರನ್ನು ಚೂರಿಯಿಂದ ಇರಿದು ಕೊಲ್ಲಲಾಯಿತು. ಬಡ ಆದಿವಾಸಿಗಳ ಪರ ನಿಂತಿದ್ದೇ ಅವರ ಅಪರಾಧ. ಅವರ ಕುಟುಂಬ ಕೊಲೆಗಾರನನ್ನು ಕ್ಷಮಿಸಿತು, ಅವರ ತಂಗಿ ಸೆರೆಮನೆಗೇ ಹೋಗಿ ಅವನಿಗೆ ರಾಖಿ ಕಟ್ಟಿದರು, 2017ರ ನವೆಂಬರ್ 4ರಂದು ಧರ್ಮಸಭೆ ರಾಣಿ ಮರಿಯಾರನ್ನು ಪುನೀತರೆಂದು ಸಾರಿತು. ಆ ಕ್ಷಮೆಯನ್ನು ನಾವು ಆಗಾಗ್ಗೆ ಸ್ಮರಿಸುತ್ತೇವೆ. ಆ ಬಸ್ಸು ಖಾಲಿಯಿರಲಿಲ್ಲ, ಆದರೂ ಕೊಲೆಗಾರನನ್ನು ತಡೆಯಲು ಯಾರೂ ಮುಂದೆ ಬರಲಿಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ. ಅಂದು ಇಲ್ಲದೆ ಹೋದದ್ದು ಆ ಭಗಿನಿಯ ಕೈಯಲ್ಲಿ ಒಂದು ಚೂರಿಯಲ್ಲ, ಅಕ್ಕಪಕ್ಕದ ಸೀಟಿನಲ್ಲಿ ಒಬ್ಬ ನೆರೆಯವ.

ಆ ನೆರೆಯವ ನಾವಾಗಬಹುದಲ್ಲವೇ? ಒಂದೇ ದಾರಿಯಲ್ಲಿ ಹೋಗುವ ಹೆಣ್ಣುಮಕ್ಕಳು ಯಾವ ಯಾವ ಮನೆಯವರು, ಯಾವ ಬಸ್ಸಿಗೆ ಇಳಿಯುತ್ತಾರೆ ಎಂಬುದು ನಮ್ಮ ಧರ್ಮಕೇಂದ್ರದ ವಾರ್ಡುಗಳಲ್ಲಿ ತಿಳಿದಿರಲಿ. ಒಬ್ಬರ ಮಗಳನ್ನು ಇನ್ನೊಬ್ಬರು ಮನೆ ಮುಟ್ಟಿಸಲಿ, ಆ ಮನೆ ಯಾವ ಜಾತಿ ಧರ್ಮದ್ದೇ ಆಗಿರಲಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಎಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಆದರೆ ಶರಾವತಿ ಹಿನ್ನೀರಿನ ಕಡೆ ಫೋನಿನ ಸಂಪರ್ಕ ಎಲ್ಲೆಡೆಯೂ ಸಿಗುವುದಿಲ್ಲ. ಅಲ್ಲಿ ಕೂಗಿದರೆ ಓಗೊಡುವ ಮನೆಯೇ ಸಹಾಯವಾಣಿ. ಗಂಡುಮಕ್ಕಳಿಗೂ ಹೇಳಿಕೊಡಿ, ದಾರಿಯಲ್ಲಿ ಹೆಣ್ಣು ಹೆದರುವುದು ಯಾರದೋ ಮನೆಯ ಮಗನಿಗೆ ತಾನೇ.

ಇಷ್ಟೆಲ್ಲ ಮಾಡಿದ ಮೇಲೂ ಮಗಳ ಕೊರಳಲ್ಲಿ ಆ ಚಿಕ್ಕ ಕತ್ತಿ ಇರಲೇಬೇಕೆಂದು ನಿಮಗೆ ಅನ್ನಿಸಿದರೆ, ಅಳುಕಬೇಡಿ, ಧರ್ಮಸಭೆ ನಿಮ್ಮನ್ನು ದೂರುವುದಿಲ್ಲ. ಆದರೆ ಅದನ್ನು ಕೊಡಿಸಿದ ಸಂಜೆ ನೆಮ್ಮದಿಯಿಂದ ಮನೆಯೊಳಗೇ ಕುಳಿತುಬಿಡಬೇಡಿ. ಟಾರ್ಚ್ ಹಿಡಿದು ಬಸ್ಸು ನಿಲ್ಲುವ ಜಾಗದವರೆಗೆ ಹೋಗಿ ಬನ್ನಿ.