ರೋಗಿಯ ಬಳಿ ಎರಡು ಮಾತು

ಹಿಜರಿ 5ರ (ಕ್ರಿ.ಶ. 627) ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ)ರ ತೋಳಿನ ರಕ್ತನಾಳಕ್ಕೆ ಬಾಣ ತಗುಲಿತು. ಅವರನ್ನು ಹತ್ತಿರದಿಂದ ಸಂದರ್ಶಿಸಲು ಅನುಕೂಲವಾಗಲೆಂದು ಪ್ರವಾದಿವರ್ಯರು(ಸ) ಮಸೀದಿಯಲ್ಲೇ ಡೇರೆ ಹಾಕಿಸಿದರು. ಗಾಯಾಳುಗಳ ಆರೈಕೆಯಲ್ಲಿ ನುರಿತಿದ್ದ ರುಫೈದಾ(ರ) ಎಂಬ ಮಹಿಳೆ ಅವರ ಶುಶ್ರೂಷೆ ಮಾಡಿದರು.

ಚಿಕಿತ್ಸೆಯ ಏರ್ಪಾಡಾಯಿತು, ಇನ್ನು ತಮ್ಮ ಹೊಣೆ ತೀರಿತು ಎಂದು ಪ್ರವಾದಿವರ್ಯರು(ಸ) ಭಾವಿಸಲಿಲ್ಲ. ಆ ದಾರಿಯಾಗಿ ಹೋಗುವಾಗ ಸಂಜೆಯೂ ಬೆಳಿಗ್ಗೆಯೂ ಹೇಗಿದ್ದೀರೆಂದು ಸಅದ್‌ರನ್ನೇ ವಿಚಾರಿಸುತ್ತಿದ್ದರು. ಅವರು ತಮ್ಮ ಸ್ಥಿತಿಯನ್ನು ಹೇಳುತ್ತಿದ್ದರು.

ನಾವೇನು ಮಾಡುತ್ತೇವೆ? ಆಸ್ಪತ್ರೆಗೆ ಹೋಗಿ ಮಂಚದ ಸುತ್ತ ನಿಂತು ಸ್ಕ್ಯಾನಿಂಗ್, ಬಿಲ್ಲುಗಳ ಕುರಿತು ನಮ್ಮನಮ್ಮಲ್ಲೇ ಚರ್ಚಿಸುತ್ತೇವೆ. ಅದೇ ಕಾಯಿಲೆಯಿಂದ ತೀರಿಕೊಂಡವರ ಕಥೆ ಹೇಳುತ್ತೇವೆ. ಮಲಗಿರುವಾತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾನೆ. "ರಾತ್ರಿ ನಿದ್ದೆ ಬಂತೇ?" ಎಂದು ಅವನನ್ನು ಕೇಳುವವರಿಲ್ಲ!

ಸೂಜಿ ಚುಚ್ಚುವ ಮುನ್ನ "ಸ್ವಲ್ಪ ನೋಯುತ್ತದಮ್ಮಾ" ಎನ್ನುವ ನರ್ಸ್, ಜಾರಿದ ಹೊದಿಕೆಯನ್ನು ಸರಿಪಡಿಸುವ ಆಯಾ, ತನ್ನವರಿಗೆ ತಂದ ಗಂಜಿಯಲ್ಲಿ ಯಾರೂ ಇಲ್ಲದ ಪಕ್ಕದ ಮಂಚದವರಿಗೂ ಒಂದು ಲೋಟ ಕೊಡುವವರು- ಇವರ ಕೆಲಸ ಸಣ್ಣದಲ್ಲ. ಇಲ್ಲಿ ಜಾತಿ, ಧರ್ಮ ನೋಡುವಂತಿಲ್ಲ. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಬಾಲಕನು ಅಸ್ವಸ್ಥನಾದಾಗ ಪ್ರವಾದಿವರ್ಯರು(ಸ) ಅವನ ಮನೆಗೆ ಹೋಗಿ ತಲೆಯ ಬಳಿ ಕುಳಿತಿದ್ದರು. ರೋಗಿಯನ್ನು ಸಂದರ್ಶಿಸಿದ್ದರೆ ಅವನ ಬಳಿ ನನ್ನನ್ನು ಕಾಣುತ್ತಿದ್ದೆ ಎಂದು ಅಲ್ಲಾಹನು ಅಂತ್ಯದಿನದಲ್ಲಿ ಹೇಳುವನೆಂದು ಹದೀಸ್‌ನಲ್ಲಿದೆ.

ಸಅದ್(ರ) ಬದುಕಿ ಉಳಿಯಲಿಲ್ಲ. ಗಾಯ ಮತ್ತೆ ತೆರೆದುಕೊಂಡು ನಿಧನರಾದರು. ಹಾಗೆಂದು ಆ ವಿಚಾರಣೆ ವ್ಯರ್ಥವಾಯಿತೇ? ಗುಣಪಡಿಸುವವನು ಅಲ್ಲಾಹನು. ರೋಗಿಯನ್ನು ಒಂಟಿಯಾಗಿ ಬಿಡದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ನಾಳೆ ಆ ವಿಷಯದಲ್ಲಿ ನಾವು ಉತ್ತರಿಸಬೇಕಾಗಿದೆ.